ಕಲ್ಲೋಳಿಯ ದ್ರಾಕ್ಷಿ ತೋಟಕ್ಕೆ ಅಕ್ಕನ ಜೊತೆ

ನನ್ನ ಅಕ್ಕನಿಗೆ ಬಸ್ಸಿನ ಮೇಲೆ ಒಂದು ಸಿಟ್ಟಿತ್ತು. ತವರು ಗೋಕಾಕ, ಗಂಡನ ಮನೆ ಹುಕ್ಕೇರಿ. ಮದುವೆಯಾದ ಮೇಲೆ ಅವಳು ಓಡಾಡಿದ್ದೆಲ್ಲ ಹೆಚ್ಚುಕಡಿಮೆ ಈ ಎರಡು ಊರುಗಳ ನಡುವೆಯೇ. ದಾರಿಯಲ್ಲಿ ಘಟಪ್ರಭೆ ಹೊಳೆ ಕಂಡಿತು ಅನ್ನುವಷ್ಟರಲ್ಲಿ ಬಸ್ಸು ಮುಂದೆ ಹೋಗಿಬಿಡುತ್ತಿತ್ತು. ಮನೆಗೆ ಬಂದು ಚಪ್ಪಲಿ ಬಿಡುತ್ತಲೇ, "ಇವತ್ತೂ ಹೊಳಿ ಸರಿಯಾಗಿ ನೋಡಾಕ ಆಗಲಿಲ್ಲ" ಅನ್ನುತ್ತಿದ್ದಳು. ನಾವು ನಗುತ್ತಿದ್ದೆವು.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಅಕ್ಕನಿಗೆ ಎದೆಯಲ್ಲಿ ಗಂಟಾಗಿ, ಅದು ಕ್ಯಾನ್ಸರ್ ಎಂದು ಗೊತ್ತಾಗಿ, ಮಿರಜಿಗೆ ಹೋಗಿ ಬರುವುದರಲ್ಲೇ ಒಂದು ವರ್ಷ ಕಳೆದಿತ್ತು. ಕೊನೆಗೆ ಅಲ್ಲಿನ ಡಾಕ್ಟರು ಮಾಮಾನನ್ನು, ಅಂದರೆ ಅಕ್ಕನ ಗಂಡನನ್ನು, ಬೇರೆ ಕೋಣೆಗೆ ಕರೆದು, ಇನ್ನು ಮನೆಯಲ್ಲೇ ಇಟ್ಟುಕೊಂಡು ನೋಡಿಕೊಳ್ಳಿ ಎಂದರು. ಮಾಮಾ ಹೊರಗೆ ಬಂದರು. ಅಕ್ಕ ಅವರ ಮುಖ ನೋಡಿದಳು, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು, "ನಡೀರಿ" ಅಂದಳು.

ಆಮೇಲೆ ಬಂದವರೆಲ್ಲ, ಏನು ತಿನ್ನಬೇಕು ಅನಿಸುತ್ತದೆ, ಯಾರನ್ನು ನೋಡಬೇಕು ಅನಿಸುತ್ತದೆ ಎಂದು ಅವಳನ್ನು ಕೇಳುತ್ತಿದ್ದರು. ಅವಳು ಯಾರಿಗೂ ಏನೂ ಹೇಳುತ್ತಿರಲಿಲ್ಲ. ತಂಗಿಯಾದ ನಾನು ಗೋಕಾಕದ ಒಂದು ಸಾಲೆಯಲ್ಲಿ ಮಾಸ್ತರಿಕೆ ಮಾಡುತ್ತಿದ್ದೆ, ರಜೆ ಸಿಕ್ಕಾಗಲೆಲ್ಲ ಹುಕ್ಕೇರಿಗೆ ಹೋಗುತ್ತಿದ್ದೆ. ಒಂದು ಮಧ್ಯಾಹ್ನ ನಾನು ಅವಳ ಕಾಲು ಒತ್ತುತ್ತ ಕೂತಿದ್ದಾಗ ಅವಳೇ ಮಾತು ತೆಗೆದಳು.

"ಒಂದ್ ದಿನದ ಮಟ್ಟಿಗೆ ನಮ್ದ ಅಂತ ಒಂದ್ ಗಾಡಿ ಮಾಡ್ರಿ. ನಾ ನಿಲ್ಲಸು ಅಂದಲ್ಲಿ ನಿಲ್ಲಸಬೇಕು. ಹೊಳಿ ಗುಂಟ ಹೋಗಿ, ಕಲ್ಲೋಳ್ಯಾಗಿನ ದ್ರಾಕ್ಷಿ ತ್ವಾಟಾ ನೋಡ್ಕೊಂಡ್ ಬರೂಣು."

"ಯಾರ್ಯಾರ ಹೋಗೂಣಕ್ಕಾ?"

"ನೀನು, ನಿಮ್ಮ ಮಾಮಾ, ನಾನು." ಆಮೇಲೆ ಸೇರಿಸಿದಳು, "ಮತ್ತ ನಮ್ಮ ಮಾವಾರು."

ನಾನು ಕೈ ನಿಲ್ಲಿಸಿ ಅವಳ ಮುಖ ನೋಡಿದೆ. ಆ ಮನೆಯಲ್ಲಿ ದ್ರಾಕ್ಷಿಯ ಮಾತನ್ನು ಅವಳ ಮಾವನವರ ಎದುರು ಯಾರೂ ಎತ್ತುತ್ತಿರಲಿಲ್ಲ.

ಕಾರಣ ಹೀಗೆ. ತೊಂಬತ್ತರ ದಶಕದ ನಡುವಿನಲ್ಲಿ ಅರಭಾವಿಯ ತೋಟಗಾರಿಕೆ ಕಾಲೇಜಿನಲ್ಲಿ ಹೆಣ್ಣುಮಕ್ಕಳಿಗೆ ಒಂದು ತರಬೇತಿ ನಡೆಯಿತು. ಅಕ್ಕ ಬುತ್ತಿ ಕಟ್ಟಿಕೊಂಡು ದಿನಾ ಬಸ್ಸಿಗೆ ಹೋಗಿ ಬಂದಳು. ಬಳ್ಳಿ ಸವರುವುದು, ಕಡ್ಡಿ ಊರಿ ಸಸಿ ಮಾಡುವುದು, ಎಲ್ಲ ಕಲಿತಳು. ಅವಳ ಕಣ್ಣಿನಲ್ಲಿ ಆ ದಿನಗಳಲ್ಲಿದ್ದ ಹೊಳಪನ್ನು ನಾನು ಮತ್ತೆ ನೋಡಲಿಲ್ಲ. ಹೊಳೆಯ ಕಡೆಗೆ ಅವರದೊಂದು ಮಸಾರಿ ಹೊಲವಿತ್ತು, ಕೆಂಪು ಮಣ್ಣಿನದು. ಮಹಾರಾಷ್ಟ್ರದ ಕಡೆಯ ಒಂದು ಕಂಪನಿಯವನು ಬಂದು, ಸಣ್ಣ ಕರಿ ದ್ರಾಕ್ಷಿ ಹಚ್ಚಿರಿ, ರಸ ತೆಗೆಯಲು ನಾವೇ ಒಯ್ಯುತ್ತೇವೆ ಎಂದ. ಗಂಡ ಹೆಂಡತಿ ಸೇರಿ ಹಚ್ಚಿದರು. ಕೂಲಿಯವರಿಗೆ ಬಳ್ಳಿ ಸವರುವುದು ತಿಳಿಯುವುದಿಲ್ಲವೆಂದು ಅಕ್ಕ ತಾನೇ ಕತ್ತರಿ ಹಿಡಿದು ಸಾಲು ಸಾಲು ಸವರಿದಳು. ಸವರಿದ ಕಡ್ಡಿಗಳನ್ನು ಬಿಸಾಡಲು ಮನಸ್ಸಾಗದೆ, ತರಬೇತಿಯಲ್ಲಿ ಗೆಳತಿಯಾಗಿದ್ದ ಕಲ್ಲೋಳಿಯ ಹೆಂಗಸಿಗೆ ಒಂದು ಚೀಲದ ತುಂಬ ಕೊಟ್ಟಳು.

ಮೊದಲ ಬೆಳೆ ಬಂತು, ಲಾರಿ ಬಂದು ಒಯ್ದಿತು. ಸ್ವಲ್ಪ ದಿನಕ್ಕೆ ಬಸದಿಯಲ್ಲಿ ಯಾರೋ ಅಕ್ಕನ ಮಾವನವರನ್ನು ನಾಲ್ಕು ಜನರ ಎದುರು ಕೇಳಿದರು: "ಏನ್ರೀ, ದಾರೂ ಮಾಡೋರಿಗೆ ದ್ರಾಕ್ಷಿ ಹಾಕಾಕತ್ತೀರಂತಲ್ಲ?"

ನಾವು ಜೈನರು. ಮದ್ಯ ಮುಟ್ಟುವುದಿರಲಿ, ಅದಕ್ಕೆ ಕೈಗೂಡಿಸುವುದೂ ನಮ್ಮಲ್ಲಿ ಪಾಪ. ಮಾವನವರಂತೂ ಕಟ್ಟಾ ವ್ರತದವರು. ಸೋಸದ ನೀರು ಕುಡಿಯುವವರಲ್ಲ, ಹೊತ್ತು ಮುಳುಗಿದ ಮೇಲೆ ಒಂದು ತುತ್ತು ಉಣ್ಣುವವರಲ್ಲ. ಅವರು ಮನೆಗೆ ಬಂದು ಯಾರೊಡನೆಯೂ ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ಆಳುಗಳನ್ನು ಕರೆದುಕೊಂಡು ಹೋಗಿ ಬಳ್ಳಿಗಳನ್ನೆಲ್ಲ ಬುಡಸಹಿತ ಕೀಳಿಸಿದರು. ಮಾಮಾ ತಂದೆಗೆ ಎದುರಾಡಲಿಲ್ಲ. ಅಕ್ಕ ಅವತ್ತು ಎಲ್ಲರಿಗೂ ಅಡಿಗೆ ಮಾಡಿದಳು, ಬಡಿಸಿದಳು. ಆ ಹೊಲಕ್ಕೆ ಕಬ್ಬು ಬಂತು. ಅವಳು ಅದರ ಕಡೆ ಹೋಗಲೇ ಇಲ್ಲ.

ಹೀಗಿರುವಾಗ ಮಾವನವರನ್ನು ಕರೆಯುವುದು ಹೇಗೆ? ಮಾಮಾಗೆ ಧೈರ್ಯ ಸಾಲಲಿಲ್ಲ. ನಾನೇ ಪಡಸಾಲೆಗೆ ಹೋಗಿ, ಅಕ್ಕ ಹೀಗಂದಳು ಎಂದೆ. ಅವರು ಜಪಮಾಲೆ ಕೆಳಗಿಟ್ಟು ಕೇಳಿದರು, "ಆಕಿನ ಹೇಳಿದ್ಲ?"

"ಹೌದ್ರಿ."

"ಯಾವಾಗ ಹೊರಡೂದು ಅಂತ ಹೇಳ್ರಿ, ಬರ್ತೀನಿ."

ಒಂದು ರವಿವಾರ ಗೋಕಾಕದಿಂದ ಪರಿಚಯದವರ ಮಾರುತಿ ವ್ಯಾನು ಮಾಡಿಕೊಂಡು ಹುಕ್ಕೇರಿಗೆ ಹೋದೆ. ಹಿಂದಿನ ಸೀಟಿನ ಮೇಲೆ ಗಾದಿ ಹಾಸಿ ಅಕ್ಕನನ್ನು ಮಲಗಿಸಿದೆವು. ಅಕ್ಕನ ಅತ್ತೆ ಚಪಾತಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು ಕಟ್ಟಿಕೊಟ್ಟು ಮೊಮ್ಮಗಳನ್ನು ಇಟ್ಟುಕೊಂಡು ಮನೆಯಲ್ಲೇ ಉಳಿದರು. ಮಾವನವರು ಡ್ರೈವರನ ಬಾಜೂ ಕೂತರು. ನನ್ನ ಮಡಿಲಲ್ಲಿ ಅಕ್ಕನ ತಲೆ. ಕೂದಲೆಲ್ಲ ಉದುರಿ ಆಗಷ್ಟೇ ಮತ್ತೆ ಚಿಗುರುತ್ತಿತ್ತು, ಕೈಯಾಡಿಸಿದರೆ ಕೂಸಿನ ತಲೆಯಂತೆ ಮೆತ್ತಗೆ.

ಮೊದಮೊದಲು ಅವಳು ನಿಲ್ಲಿಸಿದ್ದೆಲ್ಲ ಏನೂ ಇಲ್ಲದ ಕಡೆ. ಒಂದು ಹುಣಸೆ ಮರದ ಕೆಳಗೆ. ಆಮೇಲೆ ಒಂದು ಸಣ್ಣ ಸೇತುವೆಯ ಮೇಲೆ. ಎದ್ದು ಕೂತು ಹೊರಗೆ ನೋಡುವಳು, "ಸಾಕು, ನಡಿ" ಅನ್ನುವಳು. ಗೋಕಾಕ ಫಾಲ್ಸಿನಲ್ಲಿ ಬೇಸಿಗೆಗೆ ಮುಂಚಿನ ನೀರು, ಬಂಡೆಯ ಮೇಲೆ ಬರೀ ಎರಡು ಎಳೆ ಇಳಿಯುತ್ತಿತ್ತು. ತೂಗುಸೇತುವೆಯವರೆಗೆ ಎತ್ತಿಕೊಂಡು ಹೋಗುತ್ತೇನೆ ಎಂದರು ಮಾಮಾ. ಜನ ನೋಡುತ್ತಾರೆ, ಬೇಡ ಎಂದಳು. ಗೋಕಾಕದೊಳಗೆ ಬಂದಾಗ, ಮನೆಯ ಮುಂದೆ ನಿಲ್ಲಿಸಲೇ ಎಂದು ನಾನು ಕೇಳಿದೆ. ಅಪ್ಪ ಅವ್ವ ಇಬ್ಬರೂ ತೀರಿಕೊಂಡು ಆ ಮನೆಯಲ್ಲಿ ನಾನೊಬ್ಬಳೇ ಇದ್ದೆ.

"ಬ್ಯಾಡ. ಅಲ್ಲಿ ಇಳಿದ್ರ ಮತ್ತ ಏಳಾಕ ಮನಸ ಬರಂಗಿಲ್ಲ."

ನಮ್ಮ ಓಣಿಯ ಬಾಯಿ ದಾಟುವಾಗ ಕಣ್ಣು ಮುಚ್ಚಿಕೊಂಡಳು.

ಕಲ್ಲೋಳಿಯ ಗೆಳತಿಯ ತೋಟ ಊರಿನಿಂದ ಸ್ವಲ್ಪ ಆಚೆಗಿತ್ತು. ಗಾಡಿಯ ಸದ್ದಿಗೆ ಆಕೆ ಹೊರಗೆ ಬಂದಳು. ಅಕ್ಕನನ್ನು ಗುರುತು ಹಿಡಿಯಲು ಅವಳಿಗೆ ತಡವಾಯಿತು. ಗುರುತು ಸಿಕ್ಕಾಗ ಬಾಯಿಗೆ ಸೆರಗು ಒತ್ತಿಕೊಂಡು ನಿಂತಳು. ಅಕ್ಕನೇ ನಕ್ಕು, "ಅಳಬ್ಯಾಡ. ಮೊದಲ ಬಳ್ಳಿ ತೋರ್ಸು" ಅಂದಳು.

ನಾನು ಅಲ್ಲಿಯವರೆಗೆ ಅಂಥ ತೋಟ ನೋಡಿರಲಿಲ್ಲ. ತಿನ್ನುವ ದ್ರಾಕ್ಷಿಯ ಹಾಗೆ ತಲೆಯ ಮೇಲೆ ಚಪ್ಪರವಿಲ್ಲ, ತಂತಿ ಬೇಲಿಯ ಹಾಗೆ ನೆಟ್ಟಗೆ ಸಾಲುಗಳು. ಕಪ್ಪಗೆ, ಹುಡುಗಿಯರ ಮಣಿಸರದಂಥ ಸಣ್ಣ ಸಣ್ಣ ಗೊಂಚಲು. ಮಾಮಾ ಅಕ್ಕನನ್ನು ತೋಳಿನಲ್ಲಿ ಎತ್ತಿಕೊಂಡು ಮೊದಲ ಸಾಲಿನೊಳಗೆ ಹೋಗಿ ಒಂದು ಸ್ಟೂಲಿನ ಮೇಲೆ ಕೂರಿಸಿದರು. ಅವಳು ಬಳ್ಳಿಯ ಬುಡ ಹಿಡಿದು ನೋಡಿದಳು. ಅವಳ ಮುಂಗೈಗಿಂತ ಬಳ್ಳಿಯೇ ದಪ್ಪಗಿತ್ತು.

"ಎಲ್ಲಾ ನೀವು ಕೊಟ್ಟ ಕಡ್ಡಿನ ರೀ ಅಕ್ಕಾರ" ಅಂದಳು ಗೆಳತಿ. "ನಾ ಊರಿದ್ದಷ್ಟ."

ಅಕ್ಕ ಒಂದು ಹಣ್ಣು ಬಾಯಿಗೆ ಹಾಕಿಕೊಂಡಳು. ಔಷಧಿಯಿಂದ ಅವಳ ಬಾಯೆಲ್ಲ ಹುಣ್ಣಾಗಿತ್ತು. ಹುಳಿ ತಾಗಿ ಕಣ್ಣಲ್ಲಿ ನೀರು ಬಂತು, ಆದರೂ ಉಗುಳಲಿಲ್ಲ.

ಮಾವನವರು ಗಾಡಿಯ ಹತ್ತಿರವೇ ನಿಂತಿದ್ದರು. ಅಕ್ಕ ಅವರ ಕಡೆ ತಿರುಗಿ, ತನಗಿದ್ದಷ್ಟು ದನಿಯಲ್ಲಿ ಕರೆದಳು, "ಮಾವಾರ, ಇಲ್ಲಿ ಬರ್ರಿ. ನಿಮಗ ತೋರ್ಸಬೇಕಂತನ ಕರ್ಕೊಂಡ್ ಬಂದೀನಿ."

ಅವರು ಕೋಲೂರಿಕೊಂಡು ಬಂದರು. ಅವಳ ಹತ್ತಿರ ನಿಲ್ಲದೆ ಸಾಲಿನ ಆ ತುದಿಯವರೆಗೂ ಒಬ್ಬರೇ ನಡೆದು ಹೋದರು. ಅಲ್ಲಿ ಬಹಳ ಹೊತ್ತು ನಮಗೆ ಬೆನ್ನು ಮಾಡಿ ನಿಂತಿದ್ದರು. ತಿರುಗಿ ಬಂದಾಗ ಅವರ ಬಿಳಿ ಟೋಪಿ ಕೈಯಲ್ಲಿತ್ತು.

"ನಂದು ಧರ್ಮದ ಮಾತಿತ್ತವ್ವಾ" ಅಂದರು.

"ಧರ್ಮಾ ನನಗೂ ಐತ್ರಿ ಮಾವಾರ. ನನ್ನ ಕೇಳಿದ್ರ ನಾನ ನಿಂತು ಕೀಳಸ್ತಿದ್ನೇನೋ. ನೀವು ಕೇಳಲಿಲ್ರಿ. ಅಷ್ಟ ಹೇಳಬೇಕಿತ್ತು."

ಗಾಳಿಗೆ ಎಲೆಗಳು ಅಲುಗುತ್ತಿದ್ದವು. ಮಾಮಾ ಎಲ್ಲೋ ನೋಡುತ್ತಿದ್ದರು. ಇಷ್ಟು ವರ್ಷ ಅಕ್ಕ ಈ ಮಾತನ್ನು ಒಳಗಿಟ್ಟುಕೊಂಡು ಇವರಿಗೆ ರೊಟ್ಟಿ ಬಡಿಸಿದಳಲ್ಲ ಎಂದುಕೊಂಡೆ.

"ಹೌದು" ಅಂದರು ಮಾವನವರು. "ಕೇಳಲಿಲ್ಲ."

ಕೂತವಳ ಮುಖಕ್ಕೆ ಬಿಸಿಲು ಬೀಳುತ್ತಿತ್ತು. ಮಾವನವರು ಒಂದು ಹೆಜ್ಜೆ ಸರಿದು ಅದಕ್ಕೆ ಅಡ್ಡವಾಗಿ ನಿಂತರು.

ಊಟವಾದ ಮೇಲೆ ಗೆಳತಿ ಒಳಗಿನಿಂದ ಹಳೆಯ ಟವೆಲಿನಲ್ಲಿ ಸುತ್ತಿದ ಒಂದು ಬಾಟಲಿ ತಂದಳು. ಈ ಹಣ್ಣಿನ ವೈನಂತೆ, ಕಂಪನಿಯವರು ಕೊಟ್ಟದ್ದು. ಜೋಳದ ಚೀಲದ ಹಿಂದೆ ಇಟ್ಟಿದ್ದಳಂತೆ, ಮನೆಯಲ್ಲಿ ಯಾರೂ ಮುಟ್ಟಿರಲಿಲ್ಲ. ಮಾವನವರು ಎದುರಿಗೇ ಇದ್ದುದರಿಂದ ನಮಗೆಲ್ಲ ಇರುಸುಮುರುಸಾಯಿತು. ಅಕ್ಕ ಮಾತ್ರ ಕೈಚಾಚಿ, "ವಾಸನಿ ಹೆಂಗಿರತೈತಿ ಅಂತ ನೋಡಬೇಕು" ಅಂದಳು.

ಎಲ್ಲರೂ ಮಾವನವರ ಮುಖ ನೋಡಿದೆವು.

"ವಾಸನಿ ನೋಡಿದ್ರ ಏನ ಆಗಂಗಿಲ್ಲ. ಕೊಡ್ರಿ ಆಕಿಗೆ."

ಆದರೆ ಬೂಚು ತೆಗೆಯುವುದು ಯಾರಿಗೂ ಗೊತ್ತಿರಲಿಲ್ಲ. ಡ್ರೈವರ್ ಗಾಡಿಯಿಂದ ಸ್ಕ್ರೂಡ್ರೈವರ್ ತಂದ. ಮಾಮಾ ಅದರಿಂದ ಒತ್ತಿ ಬೂಚನ್ನು ಒಳಗೇ ಕೆಡವಿದರು, ಅಂಗಿಯ ಮೇಲೆಲ್ಲ ಕೆಂಪು ಸಿಡಿಯಿತು. ಅಕ್ಕ ಬಾಟಲಿಯ ಬಾಯಿಗೆ ಮೂಗು ಹತ್ತಿರ ಮಾಡಿ ಕಣ್ಣು ಮುಚ್ಚಿದಳು.

"ಹೆಂಗೈತಿ?" ನಾನು ಕೇಳಿದೆ.

"ಬೆಲ್ಲಾ ಹುಳಿ ಬಂದಂಗ" ಅಂದಳು. ಮತ್ತೊಮ್ಮೆ ಮೂಸಿ, "ಇದರ ಸಲುವಾಗಿ ಎಷ್ಟ ಗದ್ಲ ಆತಲ್ಲ" ಎಂದು ನಗಲು ಹೋದಳು. ಕೆಮ್ಮು ಬಂತು. ಬಾಟಲಿಯನ್ನು ಮಾಮಾ ತೆಗೆದುಕೊಂಡರು, ಬೆನ್ನನ್ನು ನಾನು ಹಿಡಿದುಕೊಂಡೆ. ಕೆಮ್ಮು ನಿಲ್ಲಲು ಬಹಳ ಹೊತ್ತು ಬೇಕಾಯಿತು. ಹೊರಡುವಾಗ ಗೆಳತಿ ಅವಳ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡು ಬಿಡಲೇ ಇಲ್ಲ. ಮುಂದಿನ ಸುಗ್ಗಿಗೆ ಬನ್ನಿ ಎಂದು ಬಾಯಿಗೆ ಬಂದದ್ದನ್ನು ಅರ್ಧಕ್ಕೇ ನಿಲ್ಲಿಸಿದಳು.

ಬರುವಾಗ ಅಕ್ಕ ನಿದ್ದೆಹೋದಳು. ಹೊತ್ತು ಇಳಿಯುತ್ತಿತ್ತು. ಮಾವನವರ ಊಟಕ್ಕಾಗಿ ಹೊತ್ತು ಮುಳುಗುವ ಮುಂಚೆ ಹುಕ್ಕೇರಿ ಮುಟ್ಟಬೇಕೆಂದು ಮಾಮಾ ಡ್ರೈವರನಿಗೆ ಅವಸರ ಮಾಡುತ್ತಿದ್ದರು. ಧುಪದಾಳದ ಹತ್ತಿರ ಬಂದಾಗ ಅವಳಿಗೆ ಎಚ್ಚರವಾಯಿತು. ಒಡ್ಡಿನ ಹಿಂದೆ ಹೊಳೆ ಅಗಲವಾಗಿ ನಿಂತಿತ್ತು, ನೀರೆಲ್ಲ ಕೆಂಪಾಗಿತ್ತು. ಬೆಳ್ಳಕ್ಕಿಗಳು ಬಂದು ಇಳಿಯುತ್ತಿದ್ದವು.

"ಇಲ್ಲಿ ಸ್ವಲ್ಪ..." ಎಂದು ಬಾಯಿ ತೆರೆದವಳು ಮಾವನವರ ಬೆನ್ನು ನೋಡಿ, "ಇರ್ಲಿ, ಹೊತ್ತಾಕತ್ತೈತಿ" ಅಂದಳು.

ಮಾವನವರು ತಿರುಗದೆಯೇ ಡ್ರೈವರನ ತೋಳು ಮುಟ್ಟಿದರು. "ನಿಲ್ಲಸಪಾ. ಇವತ್ತ ನನಗ ಊಟಾ ಬ್ಯಾಡ. ಆಕಿ ನಡಿ ಅನ್ನೂತನಕ ನಿಲ್ಲಸು."

ಗಾಡಿ ನಿಂತಿತು. ಬಾಗಿಲು ಸರಿಸಿ ಅಕ್ಕನನ್ನು ನನ್ನ ಎದೆಗೆ ಒರಗಿಸಿ ಕೂರಿಸಿಕೊಂಡೆ. ಅವಳು ಹೊಳೆ ನೋಡಿದಳು. ಹೊತ್ತು ಮುಳುಗಿತು, ನೀರಿನ ಬಣ್ಣ ಹೋಯಿತು, ಹಕ್ಕಿಗಳ ಸದ್ದು ನಿಂತಿತು. ಅವಳ ಬೆನ್ನೆಲುಬು ಒಂದೊಂದೂ ನನಗೆ ತಾಗುತ್ತಿತ್ತು. ಇಷ್ಟು ಹಗುರಾದ ಮನುಷ್ಯಳನ್ನು ಹೇಗೆ ಹಿಡಿದಿಟ್ಟುಕೊಳ್ಳುವುದು ಎಂದು ನನಗೆ ಆಗ ಬಹಳ ಭಯವಾಯಿತು.

ಮಳೆಗಾಲಕ್ಕೆ ಮುಂಚೆಯೇ ಅವಳು ಹೋದಳು. ಕೊನೆಯ ವಾರ ಮಾತು ನಿಂತಿತ್ತು. ಮಾವನವರು ಅವಳ ಮಂಚದ ಹತ್ತಿರ ಕೂತು ಮಂತ್ರ ಹೇಳುತ್ತಿದ್ದರು, ಅವಳ ತುಟಿ ಅಲುಗಿದಂತೆ ನಮಗೆ ಅನಿಸುತ್ತಿತ್ತು.

ಒಂದೆರಡು ವರ್ಷ ಕಳೆದ ಮೇಲೆ ಹಿರಿಯರೆಲ್ಲ ಸೇರಿ ಮಾಮಾಗೆ ಮತ್ತೆ ಮದುವೆ ಮಾಡುವುದೆಂದು ನಿಶ್ಚಯಿಸಿದರು. ಮಗಳು ಇನ್ನೂ ಸಣ್ಣವಳು. ಮೂಡಲಗಿಯಲ್ಲಿ ಒಂದು ಹೆಣ್ಣಿದೆ ಎಂದು ತಿಳಿದಾಗ ಮಾಮಾ ನನ್ನನ್ನೇ ಕೇಳಿದರು, "ನೀ ಹೋಗಿ ನೋಡ್ಕೊಂಡ್ ಬಾ. ನೀ ಹೂಂ ಅಂದ್ರಷ್ಟ." ನಾನು ಹೋದೆ. ಬಸ್ಸಿನಲ್ಲಿ ಉದ್ದಕ್ಕೂ ಅಳುತ್ತ ಕೂತಿದ್ದೆ. ಅಲ್ಲಿ ಇಳಿದು ಮುಖ ತೊಳೆದುಕೊಂಡು ಅವರ ಮನೆಗೆ ಹೋದೆ. ಹುಡುಗಿ ಒಳ್ಳೆಯವಳಾಗಿದ್ದಳು. ಹೂಂ ಅಂದೆ.

ಅವಳು ಬಂದ ಮೇಲೂ ನಾನು ಹುಕ್ಕೇರಿಗೆ ಹೋಗುವುದು ತಪ್ಪಲಿಲ್ಲ. ಒಮ್ಮೆ ಅಡಿಗೆಮನೆಯಲ್ಲಿ ಇಬ್ಬರೇ ಇದ್ದಾಗ ಆಕೆ ರೊಟ್ಟಿ ಬಡಿಯುತ್ತ, ನನ್ನ ಕಡೆ ನೋಡದೆ ಕೇಳಿದಳು, "ಅಕ್ಕಾರು ಹೆಂಗಿದ್ರು ರೀ? ಇಲ್ಲಿ ಯಾರೂ ಹೇಳಂಗಿಲ್ಲ."

ಅಕ್ಕನ ಉದ್ದ ಜಡೆ, ಸಿಟ್ಟು ಬಂದರೆ ಪಾತ್ರೆಯ ಸದ್ದು ಹೆಚ್ಚಾಗುತ್ತಿದ್ದದ್ದು, ಮಗಳು ಹುಟ್ಟಿದಾಗ ಓಣಿಗೆಲ್ಲ ಪೇಡೆ ಹಂಚಿಸಿದ್ದು, ಇಂಥವನ್ನೆಲ್ಲ ಹೇಳಿದೆ. ಆ ರವಿವಾರದ್ದನ್ನು ಹೇಳಲು ಹೋದೆ, ಬಾಯಿ ಬರಲಿಲ್ಲ. ಆಕೆ ಕಾದಳು. ಆಮೇಲೆ ಹಂಚಿನ ಮೇಲಿನ ಬಿಸಿ ರೊಟ್ಟಿ ತೆಗೆದು, ಬೆಣ್ಣೆ ಹಚ್ಚಿ ನನ್ನ ತಾಟಿಗೆ ಹಾಕಿ, "ಉಣ್ರಿ, ಆರತೈತಿ" ಅಂದಳು.