ಮೀರಾಸಾಬ ನೆಟ್ಟಗೆ ಮಾಡಿದ ತಂತಿ

ಬಸವನ ಬಾಗೇವಾಡಿಯ ಮೀರಾಸಾಬ ತಂತಿ ಜೋಡಿಸಿದನೆಂದರೆ ಎಲ್ಲಿ ಜೋಡಿಸಿದ ಅಂತ ಬೆರಳಿಗೂ ತಿಳಿಯುತ್ತಿರಲಿಲ್ಲ. ಟ್ರ್ಯಾಕ್ಟರ್ ಇರಲಿ, ಲಾರಿ ಇರಲಿ, ಮಣ್ಣು ಅಗೆಯುವ ದೊಡ್ಡ ಮಷಿನ್ ಇರಲಿ, ಕರೆಂಟಿನ ಕೆಲಸಕ್ಕೆ ಸಿಂದಗಿ ಮುದ್ದೇಬಿಹಾಳದಿಂದಲೂ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಇಂಡಿ ಊರಿನ ಉಸ್ತಾದರ ಹತ್ತಿರ ಕಲಿತ ಕೈ ಅದು. ತಂತಿ ಅಂದರೆ ತಲೆ ಬಾಚಿದ ಹಾಗೆ ಇರಬೇಕು, ಒಂದರ ಮೇಲೊಂದು ಸುತ್ತಬಾರದು ಅಂತ ಉಸ್ತಾದರು ಹೇಳಿಕೊಟ್ಟಿದ್ದರು.

ಅದೇ ಉಸ್ತಾದರ ಹತ್ತಿರ ಮುದ್ದೇಬಿಹಾಳದ ಪರಶುನೂ ಕಲಿತಿದ್ದ. ಕಲಿತಿದ್ದ ಅನ್ನುವುದಕ್ಕಿಂತ ಬೈಸಿಕೊಂಡಿದ್ದ ಅನ್ನಬೇಕು. ಒರಟು ಕೈ. "ಲೇ ಮೀರ್ಯಾ, ಇದೊಂದ್ ಜೋಡಿಸಿ ಕೊಡೋ, ಉಸ್ತಾದ್ರು ನೋಡಿದ್ರ ನನ್ನ ಚರ್ಮಾ ಸುಲೀತಾರ" ಅಂತ ಗೋಗರೆಯುತ್ತಿದ್ದ. ಮೀರಾಸಾಬ ಜೋಡಿಸಿ ಕೊಡುತ್ತಿದ್ದ. ಆಗ ಪರಶು ಅಂದರೆ ಅವನಿಗೆ ಬಹಳ ಜೀವ.

ಆಮೇಲೆ ಹೊಸ ನಮೂನೆಯ ಮಷಿನ್ ಬಂದವು. ಅವುಗಳ ಹೊಟ್ಟೆಯಲ್ಲಿ ಡಬ್ಬಿಗಳು. ಇಂಜಿನ್ನಿಗೊಂದು, ಎಣ್ಣೆ ಪಂಪಿಗೊಂದು, ಡ್ರೈವರನ ಮುಂದಿನ ಪರದೆಗೊಂದು. ಎರಡು ಸಣ್ಣ ತಂತಿಯ ಮೇಲೆ ಅವು ಒಂದಕ್ಕೊಂದು ಮಾತಾಡಿಕೊಂಡು ಕೆಲಸ ಮಾಡುತ್ತವೆ. ಆ ಮಾತು ಕೆಟ್ಟಿತೆಂದರೆ ಮುನಿಸಿಕೊಂಡ ನೆಗೆಣ್ಣಿಯರ ಮನೆಯಂತೆ: ಒಲೆ ಉರಿಯುತ್ತಿರುತ್ತದೆ, ಅಡಿಗೆ ಮಾತ್ರ ಆಗುವುದಿಲ್ಲ. ಪರಶು ಪುಣೆಗೆ ಹೋಗಿ ಆ ಮಾತು ಕೇಳುವ ವಿದ್ಯೆ ಕಲಿತು, ಬಗಲಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಬಂದ. ಜನ ಅವನ ಕಡೆ ತಿರುಗಿದರು.

ಒಂದು ಸಲ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಪರಶು "ಆರಾಮ ಅದೀರಿ ಮೀರಾಸಾಬ್ರ?" ಅಂದ. 'ಲೇ ಮೀರ್ಯಾ' ಅನ್ನುತ್ತಿದ್ದವನ ಬಾಯಲ್ಲಿ ಈಗ 'ರಿ'. ಮರ್ಯಾದೆ ಕೊಟ್ಟಿದ್ದಲ್ಲ, ದೂರ ಇಟ್ಟಿದ್ದು ಅನಿಸಿತು ಮೀರಾಸಾಬನಿಗೆ. ಮನೆಗೆ ಬಂದು ಹೆಂಡತಿ ಮಾಬೂಬಿಗೆ "ಪರಶ್ಯಾ ಭಾಳ ದಪ್ಪ ಆಗ್ಯಾನ" ಅಂದ.

"ಛಲೋ ಉಣ್ಣಾಕತ್ತಿರಬೇಕು" ಅಂದಳು ಆಕೆ. ಮೀರಾಸಾಬ ಅರ್ಧ ರೊಟ್ಟಿಗೇ ಎದ್ದು ಕೈ ತೊಳೆದ.

ಮನಗೂಳಿ ಹತ್ತಿರ ಕಾಲುವೆ ಕೆಲಸ ನಡೆದಿತ್ತು. ಗುತ್ತಿಗೆದಾರ ಶ್ರೀವಲ್ಲಭ ತನ್ನ ಎಲ್ಲ ಮಷಿನ್‌ಗಳ ಕರೆಂಟಿನ ಕೆಲಸವನ್ನು ಒಬ್ಬನಿಗೇ ಒಪ್ಪಿಸುವವನಿದ್ದ. ಮೀರಾಸಾಬನೋ ಪರಶುನೋ ಅನ್ನುವುದು ಇನ್ನೂ ತೂಗುತ್ತಿತ್ತು. ಅಷ್ಟರಲ್ಲಿ ಒಂದು ಮಷಿನ್ ನಿಂತಿತು. ಅದನ್ನು ಓಡಿಸುವ ಗುರಪ್ಪ ಮೀರಾಸಾಬನ ಕಡೆಯವನು, ಗುಟ್ಟಾಗಿ ಫೋನ್ ಮಾಡಿದ. "ಸಾವಕಾರ್ರು ಪರಶುಗ ಹೇಳ್ಯಾರ. ಅಂವ ಮಧ್ಯಾಹ್ನ ಬರ್ತಾನ. ನೀವು ಮುಂಜಾನೆ ಬಂದ್ಬಿಡ್ರಿ."

ಮೀರಾಸಾಬ ಹೋಗಿ ತಗಡು ಬಿಚ್ಚಿದ. ಮಾತಿನ ತಂತಿ ಎರಡನ್ನೂ ಮಾರುದ್ದ ಇಲಿ ಕಡಿದಿತ್ತು. ಒಂದು ಹಳದಿ, ಒಂದು ಹಸಿರು, ಹೆರಳಿನಂತೆ ಒಂದನ್ನೊಂದು ಸುತ್ತಿಕೊಂಡಿದ್ದವು.

"ನೋಡ್ ಗುರಪ್ಪ, ಯಾವನೋ ಪರಶುನಂಥಾ ಒರಟು ಕೈಯಂವ ಸುತ್ಯಾನ" ಅಂದ. ಕೆಟ್ಟ ತುಂಡು ತೆಗೆದು ಹೊಸ ತಂತಿ ಹಾಕಿದ. ಸುತ್ತಲಿಲ್ಲ; ಎರಡನ್ನೂ ನೆಟ್ಟಗೆ ಎಳೆದು, ಡೈನಮೋದ ದಪ್ಪ ತಂತಿಯ ಪಕ್ಕದಲ್ಲಿ ಒತ್ತಾಗಿ ಕಟ್ಟಿದ. ಚಾವಿ ತಿರುಗಿಸಿದರೆ ಪರದೆ ಬೆಳಗಿತು, ಮಷಿನ್ ಕೈ ಎತ್ತಿತು. ಮೀರಾಸಾಬ ಆಗಲೇ ಮನೆಗೆ ಹೋಗಬಹುದಿತ್ತು. ಪರಶುನ ಮುಖ ನೋಡಬೇಕಂತ ಬೇವಿನ ಗಿಡದ ಕೆಳಗೆ ಚಹಾ ಹಿಡಿದು ಕೂತ.

ಪರಶು ಶ್ರೀವಲ್ಲಭನ ಜೀಪಿನಲ್ಲೇ ಬಂದಿಳಿದ. ಗುರಪ್ಪ "ತಾನ ಸುದ್ದ ಆತ್ರಿ ಸಾವಕಾರ್ರ, ಮಷಿನ್ ನಡ್ಯಾಕತ್ತೈತಿ" ಅಂದ.

"ಹಂಗಾರ ಅಗಿ ನೋಡೂಣು" ಅಂದ ಶ್ರೀವಲ್ಲಭ.

ಗುರಪ್ಪ ಇಂಜಿನ್ ಜೋರು ಮಾಡಿ ಬಂಡೆಗೆ ಹಲ್ಲು ಹಚ್ಚಿದ. ಪರದೆ ಕಣ್ಣು ಮುಚ್ಚಿತು, ಮಷಿನ್ ಸೊರಗಿ ನಿಂತಿತು. ಮೀರಾಸಾಬ ಚಹಾದ ಕಪ್ಪು ಕೆಳಗಿಟ್ಟ.

ಪರಶು ಬ್ಯಾಟರಿ ಕಳಚಿ ಮೀಟರ್ ಹಿಡಿದ. "ಅರವತ್ತು ಓಮ್ ತೋರಸ್ತೈತಿ, ಇರಬೇಕಾದಷ್ಟ ಐತಿ. ಅಂದ್ರ ತಂತಿ ಎಲ್ಲೂ ಹರದಿಲ್ಲ." ಮತ್ತೆ ಬ್ಯಾಟರಿ ಕೂಡಿಸಿ ಲ್ಯಾಪ್‌ಟಾಪ್ ಹಚ್ಚಿದ. ಇಂಜಿನ್ ಮೆಲ್ಲಗಿದ್ದಾಗ ಸುಮ್ಮನಿದ್ದ ಅದರ ಪರದೆಯಲ್ಲಿ, ಜೋರಾದಾಗ ತಪ್ಪು ತೋರಿಸುವ ಕೆಂಪು ಸಾಲು ಮೇಲಿಂದ ಮೇಲೆ ಬಿದ್ದವು. ಇಂಜಿನ್ ಆರಿಸಿ, ತಗಡು ಬಿಚ್ಚಿ, ತಂತಿಯ ಮೇಲೆ ಕೈಯಾಡಿಸುತ್ತ ಹೋದ. ಒಂದು ಕಡೆ ಕೈ ನಿಂತಿತು. ಆ ನುಣುಪು ಅವನಿಗೆ ಗೊತ್ತಿರದ್ದೇ? ಬೇವಿನ ಗಿಡದ ಕಡೆ ಒಮ್ಮೆ ನೋಡಿದ.

"ಇಲಿ ಕಡದಿತ್ರಿ. ಯಾರೋ ದಾರ್ಯಾಗ ಹೋಗಾವ್ರು ಜೋಡಿಸ್ಯಾರ" ಅಂದ ಶ್ರೀವಲ್ಲಭನಿಗೆ. "ಈ ಎರಡು ತಂತಿ ಹುರಿ ಹಾಕಿರಬೇಕ್ರಿ. ನೆಟ್ಟಗ ಬಿಟ್ರ ಡೈನಮೋದ ಗದ್ದಲ ಒಳಗ ಹೊಕ್ಕು, ಡಬ್ಬಿಗೆ ಡಬ್ಬಿ ಮಾತು ಕೇಳಂಗಿಲ್ಲ."

ಸುಮ್ಮನಿದ್ದಿದ್ದರೆ ಮೀರಾಸಾಬ ಪಾರಾಗುತ್ತಿದ್ದ. ಆದರೆ ಪರಶು ತನ್ನನ್ನು ಕಾಪಾಡುವುದೇ? ಅದೂ ದಾರಿಯಲ್ಲಿ ಹೋಗುವವನು ಅಂತ ಮಾಡಿ? ಉಳಿದ ಚಹಾ ಚೆಲ್ಲಿ ಎದ್ದು ಬಂದ.

"ದಾರ್ಯಾಗ ಹೋಗಾವ್ರಲ್ಲ. ನಾನ ಜೋಡಿಸೇನಿ. ಇಂಥಾ ಜೋಡಣಿ ಈ ಪರಶುನ ಕೈಲೆ ಏಳು ಜನ್ಮಕ್ಕೂ ಆಗೂದಿಲ್ಲ."

ಶ್ರೀವಲ್ಲಭ ಬಗ್ಗಿ ನೋಡಿದ. "ಜೋಡಣಿ ಭಾಳ ಚಂದ ಅದ ಮೀರಾಸಾಬ. ಮಷಿನ್ ನಿಂತದ."

ಗುರಪ್ಪ ಕೆಮ್ಮಿದ. ಪರಶು ಮಾತ್ರ ನಗಲಿಲ್ಲ. "ಖರೇ ಹೇಳ್ತಾರ್ರಿ, ನನ್ನ ಕೈಲೆ ಆಗೂದಿಲ್ಲ. ಹುರಿ ಹಾಕಾಕೂ ಅವರ ಬೇಕು" ಅಂತ ಹೊಸ ತಂತಿಯ ಸುರುಳಿ ಚಾಚಿದ.

ಮೀರಾಸಾಬ ಆ ಸುರುಳಿಯನ್ನು ಕಸಿದುಕೊಂಡ. ಹಳದಿ ಹಸಿರು ಸೇರಿಸಿ ಹುರಿ ಹಾಕಿದ. ಮೊದಲಿನ ಸುತ್ತಿಗಿಂತ ಒಪ್ಪಾಗಿಯೇ ಹಾಕಿದ. ದಪ್ಪ ತಂತಿಯಿಂದ ದೂರ ಕಟ್ಟಿದ. ಗುರಪ್ಪ ಬಂಡೆ ಕಿತ್ತ. ಕೆಂಪು ಸಾಲು ಬೀಳಲಿಲ್ಲ.

"ನಾಳಿಂದ ಎಲ್ಲಾ ಮಷಿನ್ ನೀವ ನೋಡ್ಕೋರಿ ಪರಶುರಾಮ" ಅಂದ ಶ್ರೀವಲ್ಲಭ.

"ಒಬ್ಬಂವನ ಕೈಲೆ ಆಗೂದಿಲ್ರಿ. ಮೀರಾಸಾಬ್ರು ಕೂಡಿದ್ರ ಹಿಡೀತೇನಿ."

"ಅದು ನಿಮ್ಮ ನಿಮ್ಮೊಳಗಿಂದು" ಅಂತ ಅವನು ಜೀಪು ಹತ್ತಿದ.

ಬೇಕೆಂದದ್ದೇ ಸಿಕ್ಕಿತ್ತು, ಆದರೆ ಪರಶುನ ಕೈಯಿಂದ. ಬೇಡ ಅಂದರೆ ಕೆಲಸ ಪೂರಾ ಅವನದೇ ಆಗುತ್ತದೆ. ಮೀರಾಸಾಬ ತಂತಿ ಕತ್ತರಿಸುವ ಪಕ್ಕಡ ಒರೆಸಿ ಚೀಲಕ್ಕೆ ಹಾಕಿದ.

"ಬರ್ತೇನಿ. ಆದ್ರ ಆ ಪರದಿ ನನಗೂ ಕಾಣಂಗ ಇಡಬೇಕು."

ಪರಶು ಲ್ಯಾಪ್‌ಟಾಪ್ ಅವನ ಕಡೆ ತಿರುಗಿಸಿದ.

ಈಗ ಲಚ್ಯಾಣದಿಂದ ಮನಗೂಳಿವರೆಗೆ ಎಲ್ಲಿ ಮಷಿನ್ ಮಾತು ಬಿಟ್ಟರೂ ಇಬ್ಬರೂ ಒಂದೇ ಮೋಟಾರ್ ಸೈಕಲ್ಲಿನಲ್ಲಿ ಹೋಗುತ್ತಾರೆ. ಪರಶು ಮಷಿನ್ ಮೇಲೆ ಕೂತು, ಲ್ಯಾಪ್‌ಟಾಪ್ ನೋಡಿ "ಸುದ್ದ ಐತ್ರಿ" ಅಂತ ಕೂಗುತ್ತಾನೆ. ಮೀರಾಸಾಬ ತಗಡು ಮುಚ್ಚುವುದಿಲ್ಲ. ಕೈ ಒರೆಸಿಕೊಂಡು, ಮೇಲೆ ಹತ್ತಿ, ಕನ್ನಡಕ ಸರಿ ಮಾಡಿಕೊಂಡು ಒಂದೊಂದೇ ಸಾಲು ತಾನೇ ನೋಡುತ್ತಾನೆ. ಪರಶುನ ತಪ್ಪು ಇನ್ನೂ ಒಂದೂ ಸಿಕ್ಕಿಲ್ಲ. ಹುಡುಕುವುದನ್ನು ಮೀರಾಸಾಬ ಬಿಟ್ಟೂ ಇಲ್ಲ.