ಬಾಗಿಲ ಬಳಿಯ ಚೀಲ

ಇಸ್ತ್ರಿ ಅಂಗಡಿಯಲ್ಲಿ ಕೆಲಸಕ್ಕಿದ್ದ ಹೆಂಗಸು ಇಂದಲ್ಲ ನಾಳೆ ಗಿರಾಕಿಗಳ ಬಟ್ಟೆ ಕಟ್ಟಿಕೊಂಡು ಪರಾರಿಯಾಗುತ್ತಾಳೆ ಎಂಬ ಸುದ್ದಿ ಬೀದಿಯಲ್ಲಿ ಹಬ್ಬಿತ್ತು. ಅಂಗಡಿಯ ಹಿಂದಿರುವ ಅವಳ ಕೋಣೆಯಲ್ಲಿ ತುಂಬಿದ ಚೀಲವೊಂದು ಸದಾ ಬಾಗಿಲ ಬಳಿ ಸಿದ್ಧವಾಗಿರುತ್ತದೆ ಎಂಬುದೇ ಅದಕ್ಕೆ ಆಧಾರ. ಚೀಲವಿದ್ದದ್ದು ನಿಜ. ಅದರಲ್ಲಿದ್ದದ್ದು ಒಂದು ಕಂಬಳಿ, ಒಂದು ಲೋಟ, ಒಂದು ಜೊತೆ ಬಟ್ಟೆ. ಎಲ್ಲವೂ ಅವಳವೇ.

ಗಂಡ ತೀರಿಕೊಂಡು ಮನೆಯೂ ಕೈತಪ್ಪಿದಾಗ, ತಂಗಿಗೆ ಹೊರೆಯಾಗಬಾರದೆಂದು ಹೇಳದೆ ಕೇಳದೆ ಹೊರಟವಳು ಹನ್ನೊಂದು ವರ್ಷ ರೈಲು ನಿಲ್ದಾಣದ ಜಗಲಿಯಲ್ಲಿ ಕಳೆದಳು. ಕಾವಲುಗಾರ ಕಂಬಕ್ಕೆ ಕೋಲಿನಿಂದ ಮೂರು ಬಾರಿ ಬಡಿದರೆ ಎದ್ದು ಜಾಗ ಖಾಲಿಮಾಡಬೇಕು, ಅದು ಅಲ್ಲಿಯ ರೂಢಿ. ಅಂಗಡಿಯಲ್ಲಿ ಕೆಲಸವೂ ಕೋಣೆಯೂ ಸಿಕ್ಕಿ ವರ್ಷವಾದರೂ ಯಾರಾದರೂ ಬಾಗಿಲು ಬಡಿದರೆ ಅವಳ ಕೈ ಚೀಲಕ್ಕೆ ಹೋಗುತ್ತಿತ್ತು, ಕಾಲು ಹಿತ್ತಿಲಿಗೆ. ಅಂಗಡಿಯ ಯಜಮಾನಿ ಎರಡು ಸಲ ಅವಳನ್ನು ಬೀದಿಯ ತುದಿಯಿಂದ ಕರೆತಂದಿದ್ದಳು.

ಅವಳಿಂದ ವಿಳಾಸ ಕೇಳಿಕೊಂಡು ಯಜಮಾನಿ ತಂಗಿಗೆ ಬರೆದ ಪತ್ರಕ್ಕೆ ಉತ್ತರ ಬಂತು: ಭಾನುವಾರ ಹತ್ತು ಗಂಟೆಗೆ ಬರುತ್ತೇನೆ. ಆ ಭಾನುವಾರ ಬೆಳಿಗ್ಗೆ ಅಕ್ಕನ ಕೈ ನಿಲ್ಲಲೇ ಇಲ್ಲ. ಒಂದೇ ಹೊದಿಕೆಗೆ ಮೂರನೆಯ ಸಲ ಇಸ್ತ್ರಿ.

“ಬಿಡಮ್ಮ, ಅದಕ್ಕೆ ಕಾಲಿದ್ದಿದ್ರೆ ನಿನಗಿಂತ ಮುಂಚೆ ಓಡಿಹೋಗ್ತಿತ್ತು,” ಎಂದಳು ಯಜಮಾನಿ.

“ಅವಳು ಬಾಗಿಲು ಬಡಿದಾಗ ನಾನು ಓಡಿಬಿಟ್ರೆ?”

“ಬಾಗಿಲು ತೆಗೆದಿಡು. ತೆಗೆದ ಬಾಗಿಲನ್ನ ಯಾರು ಬಡೀತಾರೆ?”

ಹಳೆಯ ಇಸ್ತ್ರಿಪೆಟ್ಟಿಗೆಯನ್ನು ಬಾಗಿಲಿಗೆ ಒತ್ತುಕೊಟ್ಟದ್ದೂ ಆಯಿತು. ಆದರೆ ಹತ್ತರವರೆಗೆ ಕಾಯಲಾರದ ತಂಗಿ ಒಂಬತ್ತಕ್ಕೇ ಬಂದಳು. ಅಕ್ಕ ಆಗಷ್ಟೇ ಬಟ್ಟೆ ಬದಲಿಸಲೆಂದು ಬಾಗಿಲು ಮುಚ್ಚಿದ್ದಳು. ಟಕ್, ಟಕ್, ಟಕ್. ಚೀಲ ಹೆಗಲೇರಿತು, ಹಿತ್ತಿಲ ಅಗುಳಿ ಸರಿಯಿತು, ಒಂದು ಕಾಲು ಹೊರಗಾಯಿತು.

“ಅಕ್ಕಾ, ಬೇಗ ತೆಗಿಯೇ. ಚಿಕ್ಕವರಿದ್ದಾಗಲೂ ನನ್ನನ್ನ ಹೀಗೇ ಹೊರಗೆ ಕಾಯಿಸ್ತಿದ್ದೆ.”

ಹೊರಗಿಟ್ಟ ಕಾಲು ಒಳಬಂತು. ಓಡಿ ಬಾಗಿಲು ತೆಗೆದಳು. ಚೀಲ ಮಾತ್ರ ಹೆಗಲ ಮೇಲೇ ಉಳಿದಿತ್ತು.

ತಂಗಿಯ ಮುಖ ಇಳಿಯಿತು. “ಎಲ್ಲಿಗೆ ಹೊರಟಿದ್ದೀಯ?”

“ಎಲ್ಲಿಗೂ ಇಲ್ಲ. ನಿನಗೆ ಕೂರೋಕೆ ಕಂಬಳಿ ತೆಗೀತಿದ್ದೆ.”

ಹೇಳಿದ್ದೇ ತಡ, ಚೀಲ ಬಿಚ್ಚಿ ಕಂಬಳಿ ಹಾಸಿದಳು. ಅದರ ಮೇಲೆ ಕುಳಿತು, ಒಬ್ಬಳ ಮಾತು ಮುಗಿಯುವ ಮೊದಲೇ ಇನ್ನೊಬ್ಬಳು ಬಾಯಿ ಹಾಕುತ್ತ, ಇಬ್ಬರೂ ಮಧ್ಯಾಹ್ನ ಮಾಡಿದರು.

ತಂಗಿ ಈಗ ಪ್ರತಿ ಭಾನುವಾರ ಬರುತ್ತಾಳೆ. ಬಾಗಿಲು ಬಡಿಯುವುದಿಲ್ಲ, ಕೂಗುತ್ತಾಳೆ. ಚೀಲ ಬಾಗಿಲ ಬಳಿಯೇ ಇದೆ; ಕಂಬಳಿ ಮಂಚದ ಮೇಲಿದೆ.