ಸಂಜೆ ಆರಕ್ಕೆ ಗುಡ್ ಮಾರ್ನಿಂಗ್

ಹಾರುಕೊ ಅವರು ಸಂಜೆ ಆರು ಗಂಟೆಗೆ ಬಂದರೂ ‘ಗುಡ್ ಮಾರ್ನಿಂಗ್’ ಎನ್ನುತ್ತಿದ್ದರು. ಮೊದಲ ಸಲ ಕೇಳಿದಾಗ, ಪಾಪ, ವಯಸ್ಸಾಯಿತು, ಹೊತ್ತುಗೊತ್ತು ತಿಳಿಯುತ್ತಿಲ್ಲ ಅಂದುಕೊಂಡೆ. ನಾನು ಅವರಿಗಿಂತ ಹತ್ತು ವರ್ಷ ದೊಡ್ಡವನು, ಆ ಮಾತು ಬೇರೆ. ಎರಡನೇ ಸಲ ಬಾಯಿ ಸುಮ್ಮನಿರಲಿಲ್ಲ. ಕಿಟಕಿಯಾಚೆಯ ಕತ್ತಲನ್ನು ತೋರಿಸಿ ‘ಈವ್ನಿಂಗ್’ ಎಂದು ತಿದ್ದಿದೆ. ಮೈಸೂರಿನಲ್ಲಿ ಕಾನ್ವೆಂಟಿಗೆ ಹೋದವನ ಕೊಬ್ಬು ಅದು.

ಅವರು ಬೇಜಾರು ಮಾಡಿಕೊಳ್ಳಲಿಲ್ಲ. “ನಮ್ಮ ಕಸುಬಿನಲ್ಲಿ ಕೆಲಸಕ್ಕೆ ಬಂದ ಹೊತ್ತೇ ಬೆಳಿಗ್ಗೆ. ಹಾಡುವವರು, ನಟರು, ಲೈಟಿನವರು, ಎಲ್ಲರೂ ಹಾಗೇ ಅನ್ನೋದು. ನೀವು ಈಗ ಕೆಲಸ ಶುರು ಮಾಡ್ತಿದೀರಿ, ನಾನೂ ಶುರು ಮಾಡ್ತಿದೀನಿ. ಆದ್ದರಿಂದ ಗುಡ್ ಮಾರ್ನಿಂಗ್,” ಎಂದರು. ಅವರು ಮಾತಾಡಿದ್ದು ನಿಧಾನದ ಇಂಗ್ಲಿಷಿನಲ್ಲಿ. ನನ್ನ ಕಿವಿಯಲ್ಲಿ ಅದು ಉಳಿದಿರುವುದು ಕನ್ನಡದಲ್ಲೇ, ಹಾಗಾಗಿ ಹೀಗೇ ಬರೆಯುತ್ತೇನೆ.

ನಾನು ರಿಟೈರಾದ ಎಲೆಕ್ಟ್ರಿಕಲ್ ಎಂಜಿನಿಯರು. ಈ ಪರದೇಶದ ನಮ್ಮ ಕನ್ನಡ ಬಳಗದಲ್ಲಿ ಎಲೆಕ್ಟ್ರಿಕಲ್ ಎಂದರೆ ಮೈಕು ನೋಡಿಕೊಳ್ಳುವವನು ಎಂದು ಅರ್ಥ. ಎರಡು ಸ್ಪೀಕರು, ಒಂದು ಮಿಕ್ಸರು, ಒಂದು ಮೂಟೆ ವೈರು ನಮ್ಮ ಬೇಸ್‌ಮೆಂಟಲ್ಲಿ ವರ್ಷಗಟ್ಟಲೆ ಠಿಕಾಣಿ ಹೂಡಿವೆ. 2015ರ ನವೆಂಬರಿನಲ್ಲಿ ಸ್ಟ್ರೀಟ್ಸ್‌ವಿಲ್ಲಿನ ಒಂದು ಹಾಲಿನಲ್ಲಿ ರಾಜ್ಯೋತ್ಸವದ ರಿಹರ್ಸಲ್ ನಡೆಯುತ್ತಿತ್ತು. ಪಕ್ಕದ ಕೋಣೆಯಲ್ಲಿ ಹಾರುಕೊ ಹಿರಿಯರಿಗೆ ಹಾಡು ಹೇಳಿಕೊಡುತ್ತಿದ್ದರು. ಅವರ ಪುಟ್ಟ ಸ್ಪೀಕರು ಕೈಕೊಟ್ಟಿತು. ಸಹಾಯ ಕೇಳಿಕೊಂಡು ನಮ್ಮ ಕಡೆ ಬಂದರು. ಒಂದು ವೈರು ಬದಲಾಯಿಸಿಕೊಟ್ಟೆ, ಅಷ್ಟೇ. ಅವತ್ತಿನಿಂದ ನಾನು ಅವರ ‘ಓನ್‌ಕ್ಯೋ-ಸಾನ್’ ಆದೆ. ಸೌಂಡಿನವರನ್ನು ಅವರ ದೇಶದಲ್ಲಿ ಹಾಗೆ ಮರ್ಯಾದೆಯಿಂದ ಕರೆಯುತ್ತಾರಂತೆ. ನಮ್ಮ ಬಳಗದಲ್ಲಿ ನನ್ನನ್ನು ಕರೆಯುತ್ತಿದ್ದದ್ದು “ರೀ ಮೈಕು, ಕೇಳ್ತಿಲ್ಲ” ಎಂದು.

ಅವರು ಯಾರೆಂದು ಕಂಡುಹಿಡಿದವಳು ನನ್ನ ಹೆಂಡತಿ ಶಾರದಾ. ಒಂದು ದಿನ ಐಪ್ಯಾಡ್ ಹಿಡಿದುಕೊಂಡು ಬಂದಳು. “ಏನ್ರೀ, ಇವರು ಸಾಮಾನ್ಯದವರಲ್ಲ ಕಣ್ರೀ. ನೋಡಿ, ಸಿನಿಮಾ ಬೇರೆ ಮಾಡಿದಾರೆ.” ಬಣ್ಣ ಮಾಸಿದ ಹಳೆಯ ಟಿವಿ ಕಾರ್ಯಕ್ರಮ ಅದು. ಬಿಳಿ ಫ್ರಾಕು ತೊಟ್ಟ ಹುಡುಗಿಯೊಬ್ಬಳು ಬಂದರಿನ ದೀಪದ ಬಗ್ಗೆ ಹಾಡುತ್ತಿದ್ದಳು. ಕೊನೆಯ ಚರಣದಲ್ಲಿ ಸ್ವರ ಸರ್ರನೆ ಮೇಲೇರಿ ಅಲ್ಲೇ ನಿಲ್ಲುತ್ತಿತ್ತು. ಕೆನ್ನೆಯ ಗುಳಿಯಿಂದ ಗುರುತು ಹಿಡಿದೆವು.

ಮುಂದಿನ ಸಲ ನಮ್ಮ ಮನೆಗೆ ಬಂದಾಗ ಶಾರದಾ ಬಿಡಲಿಲ್ಲ, ಪೂರ್ತಿ ಕಥೆ ಹೇಳಿಸಿದಳು. ಹಾರುಕೊ ಬಡಗಣ ಜಪಾನಿನ ಮೀನುಗಾರರ ಊರಿನವರು. ಹದಿನೈದನೇ ವಯಸ್ಸಿನಲ್ಲಿ ಒಂದು ಸ್ಪರ್ಧೆಯಲ್ಲಿ ಗೆದ್ದಾಗ ಟೋಕಿಯೋದ ಕಂಪನಿಯೊಂದು ಕರೆದುಕೊಂಡು ಹೋಯಿತು. ಎರಡು ವರ್ಷ ಯಜಮಾನನ ಮನೆಯ ನೆಲ ಒರೆಸುತ್ತ ಹಾಡು, ಕುಣಿತ, ನಡೆ, ನಗು ಎಲ್ಲ ಕಲಿತರು. ಮೊದಲ ಎರಡು ರೆಕಾರ್ಡು ಯಾರೂ ಕೇಳಲಿಲ್ಲ. ಮೂರನೆಯದು ಬಂದರಿನ ಹಾಡು, ಮನೆಮನೆಗೂ ಹೋಯಿತು. ಆಮೇಲೆ ಸಿನಿಮಾ ಬಂತು. “ಯಾವಾಗಲೂ ನಾಯಕಿಯ ತಂಗಿ. ಆರು ಸಿನಿಮಾದಲ್ಲಿ ಆರು ಅಕ್ಕಂದಿರಿಗೆ ಅತ್ತಿದೀನಿ,” ಎಂದು ನಕ್ಕರು. ಹಾಡಿನ ದಿನ ಅವರು ನಿಂತೇ ಕಾಫಿ ಕುಡಿಯುತ್ತಿದ್ದರು. ಕೂತರೆ ಉಡುಪು ಸುಕ್ಕಾಗುತ್ತದೆ ಎಂದು ಆಗ ಕಲಿತದ್ದು ಕೊನೆಯವರೆಗೂ ಬಿಡಲಿಲ್ಲ.

ಇಪ್ಪತ್ತಮೂರಕ್ಕೆ ಗಂಟಲು ಕೆಟ್ಟಿತು. ವಿಶ್ರಾಂತಿ ಕೊಡುವ ಬದಲು ಕಂಪನಿಯವರು ಟೇಪು ಹಾಕಿದರು. ಒಂದು ವರ್ಷ ಹಾರುಕೊ ಸ್ಟೇಜಿನ ಮೇಲೆ ಬರೀ ತುಟಿ ಆಡಿಸಿದರು. ಜನ ಚಪ್ಪಾಳೆ ತಟ್ಟಿದರು, ಹೂವು ಕೊಟ್ಟರು. ಒಂದು ಮಧ್ಯಾಹ್ನ ಬಂದರಿನ ಹಾಡಿನ ನಡುವೆ ಟೇಪು ಸಿಕ್ಕಿಹಾಕಿಕೊಂಡಿತು. ಹಾಡು ನಿಂತಿತು, ಇವರ ತುಟಿ ಇನ್ನೂ ಆಡುತ್ತಿತ್ತು. ಸಭೆಗೆಲ್ಲ ಗೊತ್ತಾಯಿತು. ಬಾಗಿ ನಮಸ್ಕರಿಸಿ ಒಳಗೆ ಹೋದವರು ಮತ್ತೆ ಸ್ಟೇಜು ಹತ್ತಲಿಲ್ಲ. ಮದುವೆಯಾಗಿ ಗಂಡನ ಕೆಲಸಕ್ಕೆಂದು ಇಲ್ಲಿಗೆ ಬಂದು, ಮಗನನ್ನು ಬೆಳೆಸಿ, ಗಂಡನನ್ನು ಕಳೆದುಕೊಂಡು, ಈಗ ಊರಿನ ಮುದುಕರಿಗೆಲ್ಲ ಹಾಡು ಕಲಿಸುತ್ತಿದ್ದರು. ಆ ಹಾಡನ್ನು ಮಾತ್ರ ಬಾಯಿಗೆ ತಂದಿರಲಿಲ್ಲ.

“ಒಂದೇ ಒಂದು ಸಲ ಅದನ್ನ ಕೊನೆಯವರೆಗೂ ಹಾಡಬೇಕು. ನನ್ನ ಗಂಟಲಲ್ಲಿ, ಆಗಿನ ಶ್ರುತಿಯಲ್ಲೇ. ಜನರ ಮುಂದೆ,” ಎಂದರು ಹಾರುಕೊ. ಕೇಳುವ ಧಾಟಿಯಲ್ಲಿ ಹೇಳಲಿಲ್ಲ, ಡಾಕ್ಟರಿಗೆ ದಿನ ಗೊತ್ತುಮಾಡುವವರ ಹಾಗೆ ಹೇಳಿದರು. ಅವರಿಗಾಗ ಐವತ್ತೆಂಟು.

ಅಭ್ಯಾಸ ನಮ್ಮ ಬೇಸ್‌ಮೆಂಟಲ್ಲಿ ಶುರುವಾಯಿತು. ನಾನು ವಾದ್ಯದ ಟ್ರ್ಯಾಕು ಸಿದ್ಧ ಮಾಡಿಕೊಂಡು ಕೂರಬೇಕು, ಅವರು ಬಲಗೈ ತೋರುಬೆರಳು ಎತ್ತಿದರೆ ಹಾಕಬೇಕು. ಮೇಲಿನ ಸ್ವರ ಪ್ರತಿ ಸಲವೂ ಒಡೆಯುತ್ತಿತ್ತು. “ಮೊದಲಿಂದ, ಇನ್ನೊಂದು ಸಲ,” ಎಂದು ಮತ್ತೆ ಬೆರಳು ಎತ್ತುವರು. ಒಂದು ವರ್ಷಕ್ಕೂ ಮೇಲೆ ಹೀಗೇ ನಡೆಯಿತು. ಶಾರದಾ ಅಡುಗೆಮನೆಯಲ್ಲಿ ಆ ಹಾಡಿಗೇ ಒಗ್ಗರಣೆ ಹಾಕತೊಡಗಿದಳು.

2017ರಲ್ಲಿ ಮೆಡೋವೇಲಿನ ವೃದ್ಧರ ಮನೆಯೊಂದರಲ್ಲಿ ಕಾರ್ಯಕ್ರಮ ನಿಗದಿಯಾಯಿತು. ಅಲ್ಲಿ ನಾನು ಮಾಡಿದ್ದನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ. ನಮ್ಮ ಬಳಗದಲ್ಲಿ ಯಾರಾದರೂ ಅಪಶ್ರುತಿ ಹಾಡಿದರೆ ಅವರ ಮೈಕು ಇಳಿಸಿ, ಟ್ರ್ಯಾಕು ಏರಿಸಿಬಿಡುತ್ತೇನೆ. ಹಾಡಿದವರಿಗೂ ಖುಷಿ, ಕೇಳಿದವರಿಗೂ ಖುಷಿ. ಸ್ವಲ್ಪ ಅಡ್ಜಸ್ಟ್ ಮಾಡುವುದು ನಮ್ಮ ಜನಕ್ಕೆ ಉಸಿರಾಡಿದಷ್ಟು ಸಲೀಸು. ಹಾರುಕೊ ನಾಲ್ಕು ಜನರ ಮುಂದೆ ಇನ್ನೊಂದು ಸಲ ತಲೆ ತಗ್ಗಿಸಬಾರದು ಎಂದುಕೊಂಡು, ಅವರಿಗೆ ಹೇಳದೆ, ಟ್ರ್ಯಾಕಿನ ಶ್ರುತಿಯನ್ನು ಒಂದಿಷ್ಟು ಇಳಿಸಿಟ್ಟೆ. ಟೇಪಿನ ಕಥೆ ಗೊತ್ತಿದ್ದೂ ಇಳಿಸಿದೆ. ಎರಡೂ ಒಂದೇ ಎಂದು ನನ್ನ ಮಂಡೆಗೆ ಹೊಳೆಯಲಿಲ್ಲ.

ಬೆರಳು ಎತ್ತಿದರು. ಟ್ರ್ಯಾಕು ಹಾಕಿದೆ. ಎರಡು ಸಾಲು ಹಾಡಿ ನಿಲ್ಲಿಸಿದರು. ನನ್ನ ಕಡೆ ನೋಡಿದ ನೋಟಕ್ಕೆ ನನಗೆ ಮಿಕ್ಸರಿನ ಹಿಂದೆ ಅಡಗಿಕೊಳ್ಳಬೇಕು ಅನ್ನಿಸಿತು. ಆಮೇಲೆ ಸಭೆಗೆ ಬಾಗಿ, “ಕ್ಷಮಿಸಿ, ಇದು ನನ್ನ ಹಾಡಲ್ಲ. ಒಂದು ನಿಮಿಷ ಕೊಡಿ,” ಎಂದರು. ಟ್ರ್ಯಾಕನ್ನು ಮೂಲ ಶ್ರುತಿಗೆ ತಂದೆ. ಮೊದಲಿನಿಂದ ಹಾಡಿದರು. ಮೇಲಿನ ಸ್ವರ ಒಡೆದು ಚೂರಾಯಿತು. ಅವರು ನಿಲ್ಲಿಸದೆ ಕೊನೆಯವರೆಗೂ ಹಾಡಿ, ಉದ್ದಕ್ಕೆ ಬಾಗಿ, ಇಳಿದು ಬಂದರು.

ನಾನೇ ಅವರನ್ನು ಕಾರಿನಲ್ಲಿ ಕರೆದುಕೊಂಡು ಹೊರಟೆ. ಮನೆ ಹತ್ತಿರ ಬಂದಾಗ ಹೇಳಿದರು. “ಓನ್‌ಕ್ಯೋ-ಸಾನ್, ಅವತ್ತು ಟೇಪು ಹಾಕಿದವರೂ ನನ್ನ ಮೇಲಿನ ಪ್ರೀತಿಗೇ ಹಾಕಿದ್ದು.”

ಮೂರು ವಾರ ಅವರಿಂದ ಫೋನಿಲ್ಲ. “ಹೋಗಿ ಸಾರಿ ಕೇಳ್ರೀ, ಹೀಗೆ ಮೂತಿ ಹಾಕ್ಕೊಂಡು ಕೂತ್ರೆ ಏನ್ ಬಂತು?” ಎಂದು ಶಾರದಾ ನನ್ನನ್ನು ಅಟ್ಟಿದಳು. ಹೋದರೆ ಗ್ಯಾರೇಜಿನ ಬಾಗಿಲು ತೆರೆದಿತ್ತು. ಹಾರುಕೊ ನಿಲ್ಲಿಸಿದ್ದ ಕಾರಿನಲ್ಲಿ ಕೂತಿದ್ದರು, ಗಾಜೆಲ್ಲ ಮೇಲಿತ್ತು. ಬಾಯಿ ಅಗಲಕ್ಕೆ ತೆರೆದು, ಕತ್ತಿನ ನರ ಉಬ್ಬಿಸಿ ಹಾಡುತ್ತಿದ್ದರು. ಹೊರಗೆ ಏನೂ ಕೇಳಿಸುತ್ತಿರಲಿಲ್ಲ. ಅಕ್ಕಪಕ್ಕದವರಿಗೆ ತೊಂದರೆಯಾಗಬಾರದೆಂದು ಆ ಮೂರು ವಾರವೂ ದಿನಾ ಹೀಗೇ ಹಾಡುತ್ತಿದ್ದರಂತೆ. ಗಾಜು ತಟ್ಟಿದೆ. ಇಳಿಸಿದರು.

“ತಪ್ಪಾಯಿತು. ಇನ್ನು ಯಾವತ್ತೂ ಮುಟ್ಟಲ್ಲ,” ಎಂದೆ.

ಅವರು ಒಂದು ಗುಟುಕು ನೀರು ಕುಡಿದರು. ಮಧ್ಯಾಹ್ನ ಮೂರು ಗಂಟೆ. “ಗುಡ್ ಮಾರ್ನಿಂಗ್,” ಎಂದರು.

ಮರುವರ್ಷದ ಯುಗಾದಿ ಕಾರ್ಯಕ್ರಮದಲ್ಲಿ ಹಾಡಲು ಅವರಿಗೆ ಹತ್ತು ನಿಮಿಷ ಕೇಳಿದೆ. ನಮ್ಮ ಸೆಕ್ರೆಟರಿ, “ಯುಗಾದಿಗೆ ಜಪಾನಿ ಹಾಡು ಯಾಕ್ ಸಾರ್? ಟೈಮ್ ಬೇರೆ ಟೈಟ್ ಇದೆ,” ಎಂದು ರಾಗ ಎಳೆದರು. ಹಾಗಾದರೆ ಮೈಕೂ ನೀವೇ ನೋಡಿಕೊಳ್ಳಿ ಎಂದೆ. ಒಪ್ಪಿದರು. ಹಾರುಕೊ ನನಗೆ ಹಾಕಿದ್ದು ಒಂದೇ ಷರತ್ತು. ಟ್ರ್ಯಾಕು ಶುರುವಾದ ಮೇಲೆ ನನ್ನ ಎರಡೂ ಕೈ ತೊಡೆಯ ಮೇಲೆ, ಅವರಿಗೆ ಕಾಣುವಂತೆ ಇರಬೇಕು.

ಸ್ಟ್ರೀಟ್ಸ್‌ವಿಲ್ಲಿನ ಅದೇ ಹಾಲು. ಪುಳಿಯೋಗರೆಯ ವಾಸನೆ, ಮಕ್ಕಳ ಓಡಾಟ, ಹಿಂದಿನ ಸಾಲಿನಲ್ಲಿ ಮಾತು. ನಾನು ರೆಕಾರ್ಡಿಂಗ್ ಒತ್ತಿ, ಟ್ರ್ಯಾಕು ಹಾಕಿ, ಕೈ ತೊಡೆಯ ಮೇಲಿಟ್ಟುಕೊಂಡೆ. ಕೊನೆಯ ಚರಣ ಬಂತು. ಬೆರಳು ತುರಿಸುತ್ತಿತ್ತು, ನಿಜ ಹೇಳುತ್ತೇನೆ. ಅವರು ಕಣ್ಣು ಮುಚ್ಚಲಿಲ್ಲ. ಸ್ವರ ಮೇಲೇರಿತು, ಒಂದು ಕ್ಷಣ ತೂರಾಡಿತು, ನಿಂತಿತು. ಹುಡುಗಿಯ ದನಿಯಲ್ಲ ಅದು, ದಪ್ಪಗೆ, ಒರಟಾಗಿತ್ತು. ಆದರೆ ಅದೇ ಶ್ರುತಿ. ಹಿಂದಿನ ಸಾಲಿನ ಮಾತು ಯಾವಾಗ ನಿಂತಿತೋ ಗೊತ್ತಾಗಲಿಲ್ಲ. ನನ್ನ ಕನ್ನಡಕವೆಲ್ಲ ಮಂಜಾಗಿತ್ತು, ಒರೆಸೋಣವೆಂದರೆ ಕೈ ಎತ್ತುವ ಹಾಗಿಲ್ಲ.

2019ರ ಬೇಸಿಗೆಯಲ್ಲಿ ಹಾರುಕೊ ಅವರ ಗಂಟಲಲ್ಲಿ ಗೆಡ್ಡೆ ಕಾಣಿಸಿತು. ಅವರು ವಿಟ್ಬಿಯಲ್ಲಿದ್ದ ಮಗನ ಮನೆಗೆ ಹೋದರು. ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು. ಅಕ್ಟೋಬರಿನಲ್ಲಿ ನಾನೂ ಶಾರದಾಳೂ 401 ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ತೆವಳಿಕೊಂಡು ಆಸ್ಪತ್ರೆ ಮುಟ್ಟುವಾಗ ಸಂಜೆ ಆರು. ಅದೇ ಕೊನೆಯ ಭೇಟಿಯಾಯಿತು. ಕ್ರಿಸ್‌ಮಸ್ಸಿನ ಹೊತ್ತಿಗೆ ಅವರಿರಲಿಲ್ಲ.

ಬಾಗಿಲಲ್ಲೇ ನಿಂತು ‘ಗುಡ್ ಮಾರ್ನಿಂಗ್’ ಎಂದೆ. ಕೆನ್ನೆಯಲ್ಲಿ ಗುಳಿ ಬಿತ್ತು. ಉತ್ತರಕ್ಕೆ ತಲೆ ಬಾಗಿಸಿದರು, ತುಟಿ ಆಡಿಸಲಿಲ್ಲ. ಮಗ ಹೇಳಿದ, ಆಪರೇಷನ್ ಆದಾಗಿನಿಂದ ಅಮ್ಮ ಏನಿದ್ದರೂ ಬರೆದೇ ತೋರಿಸುತ್ತಾರೆ, ತುಟಿ ಆಡಿಸಿ ಎಂದು ನರ್ಸ್‌ಗಳು ಎಷ್ಟು ಹೇಳಿದರೂ ಕೇಳುತ್ತಿಲ್ಲ. ಯಾಕೆಂದು ಅವನಿಗೆ ಗೊತ್ತಿರಲಿಲ್ಲ. ನನಗೂ ಶಾರದಾಳಿಗೂ ಗೊತ್ತಿತ್ತು.

ನಾನು ಫೋನು ತೆಗೆದು ಹಾಸಿಗೆಯ ಪಕ್ಕ ಇಟ್ಟೆ, ಯುಗಾದಿಯ ರೆಕಾರ್ಡಿಂಗ್ ಅದರಲ್ಲಿತ್ತು. ಅವರು ಫೋನನ್ನು ನೋಡಿದರು, ನನ್ನ ಕೈಗಳನ್ನು ನೋಡಿದರು. ನಾನು ಎರಡೂ ಕೈಯನ್ನು ಎತ್ತಿ ತೋರಿಸಿದೆ, ಏನೂ ಮುಟ್ಟಿಲ್ಲ ಎಂದು. ಆಗ ಬಲಗೈಯ ತೋರುಬೆರಳು ಎತ್ತಿದರು.

ಹಾಡು ಶುರುವಾಯಿತು. ಹಾರುಕೊ ಬಾಯಿ ಬಿಗಿಯಾಗಿ ಮುಚ್ಚಿಕೊಂಡು ಕೂತು ಕೇಳಿದರು. ಬ್ಯಾಂಡೇಜು ಬದಲಾಯಿಸಲು ಬಂದ ನರ್ಸ್ ಬಾಗಿಲಲ್ಲೇ ನಿಂತಳು. ಮೇಲಿನ ಸ್ವರ ಬಂದು ಹೋಗುವವರೆಗೂ ಕಾದು, “ಯಾರು ಹಾಡಿರೋದು?” ಎಂದು ಕೇಳಿದಳು.

ಮಗ ಬಾಯಿ ತೆರೆಯುವಷ್ಟರಲ್ಲಿ ಹಾರುಕೊ ಅವನ ತೋಳು ಹಿಡಿದು ತಡೆದರು. ಅದೇ ಬೆರಳನ್ನು ತಿರುಗಿಸಿ ತಮ್ಮ ಎದೆಯ ಮೇಲಿಟ್ಟು, ಹಾಡು ಮುಗಿಯುವವರೆಗೂ ತೆಗೆಯಲಿಲ್ಲ.